ಬೀಡಿ, ಬಿಡಿ, ಬಿಡಿ

ಭಾಗ 1

ಫೋಟೋದಲ್ಲಿ ಇರೋದು ಆಲ್ದೂರಿನ ಒಂದು ಗೂಡಂಗಡಿ. ಯಾವ ಅಂಗಡಿ ಅಂತ ಕಾಮೆಂಟ್‌ನಲ್ಲಿ ಕೇಳ್ಬೇಡಿ, ಬೋರ್ಡನ್ನ ಬೇಕಂತಲೇ ಕ್ರಾಪ್ ಮಾಡಿದೀನಿ. ನೀವು ನೋಡ್ಬೇಕಾದ್ದು ಬಾಳೆಹಣ್ಣಿನ ಗೊನೆ ಪಕ್ಕ ದಾರದಲ್ಲಿ ನೇತಾಡ್ತಿರೋ ಲೈಟರ್.

ಈ ಲೈಟರ್ ಯಾರಿಗೋಸ್ಕರ ಇದೆ ಅಂತ ಯೋಚಿಸಿದೀರಾ? ಇಡೀ ಪ್ಯಾಕ್ ತಗೊಳ್ಳೋನ ಜೇಬಲ್ಲಿ ಬೆಂಕಿಪೊಟ್ಟಣ ಇದ್ದೇ ಇರುತ್ತೆ. ದಾರದ ಲೈಟರ್ ಇರೋದು ‘ಅಣ್ಣ, ಒಂದು ಕೊಡಿ’ ಅನ್ನೋರಿಗೆ. ಅಂಗಡಿಯವರು ಪ್ಯಾಕಿಂದ ಒಂದು ತೆಗೆದು ಕೊಡ್ತಾರೆ, ಪ್ಯಾಕ್ ವಾಪಸ್ ಶೆಲ್ಫಿಗೆ ಹೋಗುತ್ತೆ. ಆ ಪ್ಯಾಕಿನ ಮೇಲೆ ದೊಡ್ಡದಾಗಿ ಒಂದು ಭಯಂಕರ ಚಿತ್ರ ಇದೆ. ಕೆಳಗೆ ಒಂದು ಫೋನ್ ನಂಬರ್ ಇದೆ. ಎರಡೂ ಅಂಗಡಿಯಲ್ಲೇ ಉಳೀತವೆ, ಕೈಗೆ ಬಂದಿದ್ದು ಬರೀ ಸಿಗರೇಟು.

ಸರ್ಕಾರ ನಮಗೆ ‘ಬಿಡಿ’ ಅಂತ ಹೇಳೋಕೆ ಶುರು ಮಾಡಿ 50 ವರ್ಷ ಆಯ್ತು. ನಮ್ಮ ಹಿರಿಯರು ಸೇದಿದ್ದು ಬೀಡಿ. ನಮ್ಮ ಕ್ಲಾಸಿನವರು ತಗೊಳ್ಳೋದು ಬಿಡಿ ಸಿಗರೇಟು. ಕನ್ನಡ ಈ ಮೂರನ್ನೂ ಹೆಚ್ಚೂಕಡಿಮೆ ಒಂದೇ ಸದ್ದಲ್ಲಿ ಹೇಳುತ್ತೆ. ‘ಬಿಡಿ’ ಅನ್ನೋ ಮಾತು ಡೆಲ್ಲಿಯಿಂದ ಹೊರಟು ನಮ್ಮ ಕಾಫಿ ಬೆಟ್ಟಕ್ಕೆ ಬರೋದ್ರೊಳಗೆ ಎಲ್ಲೆಲ್ಲಿ ಸಿಕ್ಕಿಹಾಕ್ಕೊಳ್ತು ಅನ್ನೋದೇ ಈ ಸರಣಿ. ಎಂಟು ಪೋಸ್ಟ್ ಇದೆ. ಬಸ್ಸು ಬರೋವರೆಗೆ ಓದಿ.

ಭಾಗ 2

ಹೊಗೆ ಬೇಡ ಅನ್ನೋದು ಹೊಸ ಮಾತೇನಲ್ಲ. ಮೊಗಲ್ ಬಾದಶಹ ಜಹಾಂಗೀರ್ 1617ರಲ್ಲೇ ತಂಬಾಕು ಸೇದಬಾರದು ಅಂತ ಆಜ್ಞೆ ಹೊರಡಿಸಿದ್ದ. ಯಾರು ಕೇಳಿದ್ರು? ಬಾದಶಹನ ಮಾತು ಒಂದು ಕಡೆ, ಚಟ ಇನ್ನೊಂದು ಕಡೆ.

ಲೆಕ್ಕ ಹಾಕಿ ತೋರಿಸಿದ್ದು ಮಾತ್ರ ಬಹಳ ತಡವಾಗಿ. 1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ ಆಸ್ಪತ್ರೆಗಳ ರೋಗಿಗಳನ್ನ ಕೂರಿಸಿ ಕೇಳಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರೋ ಸಂಬಂಧವನ್ನ ಪ್ರಕಟಿಸಿದ್ರು. ಅಮೆರಿಕದ ಸರ್ಜನ್ ಜನರಲ್ ಲೂಥರ್ ಟೆರ್ರಿ ತಮ್ಮ ವರದಿ ಬಿಡುಗಡೆ ಮಾಡಿದ್ದು 1964ರ ಜನವರಿ 11ಕ್ಕೆ. ಶನಿವಾರ ನೋಡಿ ಆರಿಸಿದ್ರು. ಷೇರು ಮಾರುಕಟ್ಟೆಗೆ ರಜೆ, ಭಾನುವಾರದ ಪೇಪರಿಗೆ ದೊಡ್ಡ ಸುದ್ದಿ. ಈಗಿನ ಸಿನಿಮಾ ಟೀಮುಗಳು ರಿಲೀಸ್ ಡೇಟ್ ಲೆಕ್ಕ ಹಾಕೋ ಹಾಗೆ!

ನಮ್ಮ ದೇಶ ಎಚ್ಚೆತ್ತಿದ್ದು 1975ರಲ್ಲಿ. ಆ ವರ್ಷದ ಸಿಗರೇಟು ಕಾಯ್ದೆ ಪ್ರಕಾರ ಪ್ರತಿ ಸಿಗರೇಟ್ ಪ್ಯಾಕಿನ ಮೇಲೂ ‘ಸಿಗರೇಟು ಸೇವನೆ ಆರೋಗ್ಯಕ್ಕೆ ಹಾನಿಕರ’ ಅನ್ನೋ ಒಂದು ಸಾಲು ಕಡ್ಡಾಯ ಆಯ್ತು. ನೋಡೋಕೆ ಒಳ್ಳೇ ಕಾನೂನು. ಆದ್ರೆ ಅದರಲ್ಲಿ ಎರಡು ತೂತು. ಪ್ಯಾಕಿನ ಹೆಸರು ಇಂಗ್ಲಿಷ್‌ನಲ್ಲಿ, ಹಾಗಾಗಿ ಎಚ್ಚರಿಕೆಯೂ ಇಂಗ್ಲಿಷ್‌ನಲ್ಲಿ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. ಎರಡನೇ ತೂತು ಇನ್ನೂ ದೊಡ್ಡದು: ಕಾಯ್ದೆಯ ಹೆಸರಲ್ಲೇ ಇರೋ ಹಾಗೆ ಅದು ಸಿಗರೇಟಿಗೆ ಮಾತ್ರ. ಬೀಡಿ ಅದರೊಳಗೆ ಬರಲೇ ಇಲ್ಲ.

ಇನ್ನೊಂದು ವಿಷಯ ಹೇಳಿ ಮುಂದೆ ಹೋಗ್ತೀನಿ. ಅದೇ 1975ರಲ್ಲಿ ಅದೇ ಸಂಸತ್ತು ತಂಬಾಕು ಮಂಡಳಿ ಕಾಯ್ದೆಯನ್ನೂ ಪಾಸು ಮಾಡ್ತು, ತಂಬಾಕು ಬೆಳೆಗೆ ಬೆಂಬಲ ಕೊಡೋಕೆ. ಹುಣಸೂರು, ಪಿರಿಯಾಪಟ್ಟಣದ ಕಡೆ ರೈತರು ಇವತ್ತಿಗೂ ಆ ಮಂಡಳಿಯ ಹರಾಜಿನಲ್ಲೇ ತಂಬಾಕು ಮಾರೋದು. ಬೆಳೆಯಿರಿ ಅಂತ ಒಂದು ಕಾಯ್ದೆ, ಸೇದಬೇಡಿ ಅಂತ ಇನ್ನೊಂದು. ರೈತರನ್ನ ಬೈಯೋಕೆ ಹೇಳ್ತಿಲ್ಲ, ಅವರಿಗೆ ಬೇರೆ ಬೆಳೆಯ ದಾರಿ ತೋರಿಸದೆ ಬೈಯೋ ಹಕ್ಕು ಯಾರಿಗೂ ಇಲ್ಲ.

ಭಾಗ 3

ಈಗ ನಮ್ಮ ಬೆಟ್ಟಕ್ಕೆ ಬನ್ನಿ.

ಬೀಡಿ ಅಂದ್ರೆ ತೂಪರ ಎಲೆಯಲ್ಲಿ ಸುತ್ತಿದ ತಂಬಾಕು. ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಸಾವಿರಾರು ಮನೆಗಳ ಹೆಂಗಸರು ಗುತ್ತಿಗೆದಾರರ ಹತ್ರ ಎಲೆ, ತಂಬಾಕು ತಂದು, ಮೊರದಲ್ಲಿ ಇಟ್ಕೊಂಡು ಸುತ್ತಿ, ಸಾವಿರಕ್ಕೆ ಇಷ್ಟು ಅಂತ ಕೂಲಿ ತಗೊಂಡು ಸಂಸಾರ ಸಾಗಿಸಿದಾರೆ. ಎಷ್ಟೋ ಮಕ್ಕಳ ಸ್ಕೂಲ್ ಫೀಸು ಆ ಮೊರದಿಂದ ಬಂದಿದೆ. ‘ಬೀಡಿ ಬಡವರದ್ದು’ ಅನ್ನೋ ಮಾತಿಗೆ ಎರಡೂ ಕಡೆ ಅರ್ಥ ಇದೆ, ಸುತ್ತೋರೂ ಬಡವರು, ಸೇದೋರೂ ಬಡವರು.

ಬಡವರದ್ದು ಅಂದ ಕೂಡ್ಲೆ ಸಾಧು ಅಂತ ಅರ್ಥ ಅಲ್ಲ. ಆ ಎಲೆಯಲ್ಲಿ ಸಿಗರೇಟಿನ ಕಾಗದದ ಹಾಗೆ ಗಾಳಿ ಆಡಲ್ಲ. ಜೋರಾಗಿ ಎಳೀದೇ ಇದ್ರೆ ಆರಿಹೋಗುತ್ತೆ. ಹಾಗಾಗಿ ಬೀಡಿ ಸೇದೋರು ಪದೇ ಪದೇ, ಆಳವಾಗಿ ಎಳೀಬೇಕು. ಒಳಗಿರೋ ತಂಬಾಕು ಸಿಗರೇಟಿಗಿಂತ ಕಡಿಮೆ ಇದ್ರೂ ಎದೆಗೆ ಹೋಗೋ ಟಾರು, ಕಾರ್ಬನ್ ಮಾನಾಕ್ಸೈಡ್ ಜಾಸ್ತಿ.

ತೋಟದ ಕೆಲಸದಲ್ಲಿ ಬೀಡಿಗೆ ಒಂದು ಸ್ಥಾನಾನೇ ಇತ್ತು. ನಿಮ್ಮನೇಲಿ ತೋಟಕ್ಕೆ ಹೋಗಿ ದುಡಿದ ಹಿರಿಯರು ಇದ್ರೆ ಕೇಳಿ ನೋಡಿ. ಸುಮ್ನೆ ಕೂತ್ರೆ ಮೇಸ್ತ್ರಿ ಗದರಿಸ್ತಾನೆ. ಬೀಡಿ ಹಚ್ಚಿಕೊಂಡು ಕೂತ್ರೆ ಆ ಬೀಡಿ ಮುಗಿಯೋವರೆಗೆ ಯಾರೂ ಮಾತಾಡಲ್ಲ. ಅಂದ್ರೆ ಐದು ನಿಮಿಷದ ರೆಸ್ಟಿಗೆ ಟಿಕೆಟ್ಟು ಅದು! ಮಳೆಗಾಲದಲ್ಲಿ ಚಳಿಗೆ ಬೀಡಿ. ಹೆಂಗಸರ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಹೊಗೆಸೊಪ್ಪು ಬಾಯಿಗೆ ಮಾತ್ರ ಅಲ್ಲ, ಕಾಲಿಗೆ ಇಂಬಳ ಹತ್ತಿದ್ರೆ ಅದನ್ನ ಬಿಡಿಸೋಕೂ ಸುಣ್ಣದ ಜೊತೆ ಅದೇ. ಇಂಥ ಕಡೆ ಬಂದು ‘ಅದು ಕೆಟ್ಟ ಚಟ’ ಅಂತ ಪಾಠ ಮಾಡಿದ್ರೆ ಯಾರ ಕಿವಿಗೆ ಹೋಗುತ್ತೆ? ಕೆಲಸದ ಮಧ್ಯೆ ಕೂರೋಕೆ ಬೇರೆ ನೆಪ ಕೊಡದೆ ಬೀಡಿ ಕಿತ್ಕೊಳ್ಳೋಕೆ ಆಗಲ್ಲ ಅಂತ ನನಗನ್ಸುತ್ತೆ. ಯಾವ ಪೋಸ್ಟರಲ್ಲೂ ಇದು ಇರಲಿಲ್ಲ.

ನಮ್ಮ ದೊಡ್ಡಪ್ಪ ಮರಗಸಿ ಕೆಲಸದವರು. ಸಿಲ್ವರ್ ಮರ ಸರಸರ ಹತ್ತಿ ಕೊಂಬೆ ಕಡೀತಿದ್ದ ಮನುಷ್ಯ, ಕೊನೆಗಾಲದಲ್ಲಿ ಮನೆಯಿಂದ ರಸ್ತೆಗೆ ಬರೋ ಏರಲ್ಲಿ ಮೂರು ಕಡೆ ನಿಂತು ಉಸಿರು ತಗೊಳ್ತಿದ್ರು. ಟಿವಿಯಲ್ಲಿ ಎಚ್ಚರಿಕೆ ಬಂದಾಗ ಅವರು ಹೇಳ್ತಿದ್ದ ಮಾತು ಒಂದೇ: ‘ಅದು ಸಿಗರೇಟಿಗೆ ಹೇಳಿದ್ದು ಕಣೋ, ಬೀಡಿಗಲ್ಲ.’ ನಾವು ನಗ್ತಿದ್ವಿ. ಆಮೇಲೆ 1975ರ ಕಾಯ್ದೆ ಬಗ್ಗೆ ಓದಿದಾಗ ಗೊತ್ತಾಯ್ತು, ದೊಡ್ಡಪ್ಪನ ಮಾತು ಕಾನೂನಿನ ಪ್ರಕಾರ ಸುಮಾರು ಕಾಲ ಸರಿಯಾಗೇ ಇತ್ತು.

ಭಾಗ 4

ಇದು ಚಿಕ್ಕ ಪೋಸ್ಟ್, ಕ್ರಿಕೆಟ್ ಬಗ್ಗೆ.

1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ. ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್. ಆಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸ್ತಾನೆ, ಮುಂದಿನ ಬಾಲಿಗೆ ನಮ್ಮ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಎಗರಿಸ್ತಾರೆ. ರೀಲ್ಸ್‌ನಲ್ಲಿ ನೂರು ಸಲ ನೋಡಿರ್ತೀರಿ. ಇನ್ನೊಂದ್ಸಲ ನೋಡುವಾಗ ಆ ಟೂರ್ನಿಯ ಹೆಸರು ಗಮನಿಸಿ: ವಿಲ್ಸ್ ವಿಶ್ವಕಪ್. ಸಿಗರೇಟಿನ ಹೆಸರು. ಭಾರತ ತಂಡದ ಶರ್ಟಿನ ಎದೆ ಮೇಲೂ ಆಗ ವರ್ಷಗಟ್ಟಲೆ ಅದೇ ಹೆಸರು ಇತ್ತು. ಐಟಿಸಿ ಕಂಪನಿ ಆ ಪ್ರಾಯೋಜಕತ್ವದಿಂದ ಹಿಂದೆ ಸರಿದಿದ್ದು 2001ರಲ್ಲಿ.

ಒಂದು ಕಡೆ ಇರುವೆ ಅಕ್ಷರದ ‘ಹಾನಿಕರ’, ಇನ್ನೊಂದು ಕಡೆ ದೇಶ ಇಡೀ ಕುಣಿಯೋ ವಿಕೆಟ್ಟು. ಯಾವುದು ಗೆಲ್ಲುತ್ತೆ ಅಂತ ಪ್ರತ್ಯೇಕ ಹೇಳ್ಬೇಕಾ?

ಅದೇ ವರ್ಷ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಟೆಸ್ಟ್ ಆಡೋಕೆ ಶುರು ಮಾಡಿದ ರಾಹುಲ್ ದ್ರಾವಿಡ್, ಎಷ್ಟೋ ವರ್ಷದ ಮೇಲೆ ಸಿನಿಮಾ ಟಾಕೀಸಿನ ಪರದೆ ಮೇಲೆ ಬಂದು ತಂಬಾಕು ಬಿಡಿ ಅಂತ ಹೇಳಿದ್ರು. ಕ್ರಿಕೆಟಿಗರ ಮುಖವನ್ನ ಕಂಪನಿಗಳ ಕೈಯಿಂದ ಆರೋಗ್ಯ ಇಲಾಖೆ ವಾಪಸ್ ತಗೊಳ್ಳೋಕೆ ಅಷ್ಟು ಕಾಲ ಬೇಕಾಯ್ತು.

ಭಾಗ 5

ನಮ್ಮ ಕಡೆ ನಿಜವಾಗಿ ಏನಾದ್ರೂ ಬದಲಾಗಿದ್ರೆ ಅದು ‘ಬಿಡಿ’ ಅಂದಿದ್ದಕ್ಕಲ್ಲ, ‘ಹೊರಗೆ ಹೋಗಿ’ ಅಂದಿದ್ದಕ್ಕೆ ಅನ್ನೋದು ನನ್ನ ಅಭಿಪ್ರಾಯ. ಬೇರೆ ಅಭಿಪ್ರಾಯ ಇದ್ರೆ ಕೆಳಗೆ ಬರೀರಿ.

ಇದರ ಶುರು ಪಕ್ಕದ ಕೇರಳದಲ್ಲಿ. ಕೊಟ್ಟಾಯಂನ ಕಾಲೇಜು ಅಧ್ಯಾಪಕಿ ಮೋನಮ್ಮ ಕೊಕ್ಕಾಡ್ ಮತ್ತು ಕೆ. ರಾಮಕೃಷ್ಣನ್ ಕೋರ್ಟಿಗೆ ಹೋದ್ರು. ನಾವು ಸೇದಲ್ಲ, ಬೇರೆಯವರ ಹೊಗೆ ನಾವ್ಯಾಕೆ ಕುಡೀಬೇಕು ಅನ್ನೋದು ವಾದ. 1999ರ ಜುಲೈ 12ಕ್ಕೆ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಸೇದೋದು ತಪ್ಪು ಅಂತ ತೀರ್ಪು ಕೊಡ್ತು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮುರಳಿ ದೇವ್ರಾ ಹಾಕಿದ್ದ ಅರ್ಜಿಯಲ್ಲಿ, ಆಸ್ಪತ್ರೆ, ಶಾಲೆ-ಕಾಲೇಜು, ಬಸ್ಸು, ರೈಲು ಅಂತ ದೇಶಕ್ಕೆಲ್ಲ ಅದನ್ನೇ ಹೇಳ್ತು. 2003ರಲ್ಲಿ ಹೊಸ ಕಾಯ್ದೆ ಬಂತು, ಕೋಟ್ಪಾ ಅಂತ ಕರೀತಾರೆ. ಇದರಲ್ಲಿ ಬೀಡಿಯೂ ಬಂತು, ಗುಟ್ಕಾನೂ ಬಂತು. ಜಾಹೀರಾತು ಬಂದ್. ಶಾಲೆಯಿಂದ 100 ಗಜದೊಳಗೆ ಮಾರೋ ಹಾಗಿಲ್ಲ. ದೊಡ್ಡಪ್ಪನ ಬೀಡಿ ಕಾನೂನಿನ ಕಣ್ಣಿಗೆ ಬೀಳೋಕೆ 28 ವರ್ಷ ಬೇಕಾಯ್ತು.

2008ರ ಅಕ್ಟೋಬರ್ 2, ಗಾಂಧಿ ಜಯಂತಿಯಂದು, ನಿಯಮ ಬಿಗಿಯಾಯ್ತು. ಹೋಟೆಲು, ಆಫೀಸು, ಟಾಕೀಸು, ಬಸ್ ಸ್ಟಾಪು ಎಲ್ಲಾ ಸೇರಿ, ಸೇದಿದ್ರೆ 200 ರೂಪಾಯಿವರೆಗೆ ದಂಡ. 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬೋರ್ಡು ಹಾಕ್ಬೇಕು. ಟೀ ಹೋಟೆಲಿನ ಗೋಡೆ ಮೇಲೆ ಎಣ್ಣೆ ಹೊಗೆ ಹಿಡಿದು ಮಸುಕಾಗಿರೋ ‘ಧೂಮಪಾನ ನಿಷೇಧಿಸಲಾಗಿದೆ’ ಬೋರ್ಡು ಆ ನಿಯಮದ ಕೂಸು. ಇನ್ನೊಂದು ಅಂಶ ಕೇಳಿ: ಇಂಥ ಸ್ಥಳದಲ್ಲಿ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಕೂಡ ಇಡಬಾರದು ಅಂತ ನಿಯಮದಲ್ಲೇ ಬರ್ದಿದೆ. ಮೊದಲ ಫೋಟೋ ಇನ್ನೊಂದ್ಸಲ ನೋಡಿ ಬನ್ನಿ, ಆ ಲೈಟರಿಗೂ ಬಸ್ ನಿಲ್ಲೋ ಜಾಗಕ್ಕೂ ಹತ್ತು ಹೆಜ್ಜೆ ದೂರ.

ಆದ್ರೂ ಒಂದು ಬದಲಾವಣೆ ಆಗಿದೆ, ಒಪ್ಕೋಬೇಕು. ಬಸ್ಸೊಳಗೆ ಕೂತು ಸೇದೋದನ್ನ ನಮ್ಮ ವಯಸ್ಸಿನವರು ನೋಡೇ ಇಲ್ಲ. ನಮ್ಮ ಅಪ್ಪ-ಅಮ್ಮ ನೋಡಿದಾರೆ, ಹೊಗೆಗೆ ಕಿಟಕಿ ತೆಗೆದು ವಾಂತಿ ಮಾಡ್ಕೊಂಡಿದಾರೆ. ಒಬ್ಬ ಮೇಡಂ ಕೋರ್ಟಿಗೆ ಹೋಗಿದ್ದಕ್ಕೆ ಇಷ್ಟಾಗಿದೆ.

ರಾಜ್ಯದ ಹಲವು ಜಿಲ್ಲೆಗಳಲ್ಲಿ ‘ಗುಲಾಬಿ ಆಂದೋಲನ’ ಅಂತಲೂ ನಡೆದಿದೆ. ಶಾಲೆ ಮಕ್ಕಳು ಮೆರವಣಿಗೆ ಹೋಗಿ ಅಂಗಡಿಯವರಿಗೆ, ಸೇದ್ತಿರೋರಿಗೆ ಗುಲಾಬಿ ಹೂ ಕೊಟ್ಟು ಬಿಡಿ ಅಂತ ಕೇಳ್ಕೊಳ್ಳೋದು. ನಗಬೇಡಿ ಮಾರಾಯ್ರೆ. 200 ರೂಪಾಯಿ ಕೊಟ್ಟು ಹೋಗೋ ಮನುಷ್ಯ ಆರನೇ ಕ್ಲಾಸಿನ ಹುಡುಗಿ ಕೈಯಿಂದ ಹೂ ತಗೊಳ್ಳುವಾಗ ಬೀಡಿಯನ್ನ ಬೆನ್ನ ಹಿಂದೆ ಮುಚ್ಚಿಟ್ಕೊಳ್ತಾನೆ.

ಭಾಗ 6

ಈಗ ಚಿತ್ರಗಳ ಕಥೆ.

2009ರ ಮೇ 31, ವಿಶ್ವ ತಂಬಾಕುರಹಿತ ದಿನ. ಅವತ್ತಿಂದ ಪ್ಯಾಕಿನ ಮೇಲೆ ಚಿತ್ರ ಕಡ್ಡಾಯ, ಬೀಡಿ ಕಟ್ಟಿನ ಮೇಲೂ. ಓದೋಕೆ ಬರದವರಿಗೂ ಎಚ್ಚರಿಕೆ ಮುಟ್ಟಲಿ ಅಂತ. ಆದ್ರೆ ಮೊದಲ ಕಂತಿನ ಚಿತ್ರ ನೋಡಿದ್ರೆ ನಗು ಬರುತ್ತೆ. ಜಗಿಯೋ ತಂಬಾಕಿನ ಮೇಲೆ ಚೇಳಿನ ಚಿತ್ರ! ಇದೇನು ಚೇಳು ಮಾರ್ಕ್ ಬ್ರ್ಯಾಂಡಾ ಅನ್ನೋ ಹಾಗಿತ್ತು. ಮುಂದೆ ಬಂದ ಒಂದು ಚಿತ್ರದಲ್ಲಿದ್ದ ಮನುಷ್ಯ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಾನ್ ಟೆರ್ರಿ ತರಾನೇ ಇದಾನೆ ಅಂತ 2012ರಲ್ಲಿ ದೊಡ್ಡ ಗಲಾಟೆ ಆಗಿತ್ತು.

ಅದೇ 2009ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಮುಕೇಶ್ ಹರಾಣೆ ಅನ್ನೋ 24 ವರ್ಷದ ಹುಡುಗ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡ. ಗುಟ್ಕಾ ತಿಂತಿದ್ದವನು. ಸಾಯೋ ಮುಂಚೆ ಕ್ಯಾಮೆರಾ ಮುಂದೆ ಮಾತಾಡಿದ್ದ. 2012ರ ಅಕ್ಟೋಬರ್ 2ರಿಂದ ಸಿಗರೇಟಿನ ದೃಶ್ಯ ಇರೋ ಸಿನಿಮಾಗಳ ಶುರುವಿಗೂ ಇಂಟರ್‌ವಲ್ ಆದ್ಮೇಲೂ ಇಂಥ ಚಿತ್ರ ತೋರಿಸೋದು ಕಡ್ಡಾಯ ಆದಾಗ ಮುಕೇಶ್ ಇಡೀ ದೇಶಕ್ಕೆ ಗೊತ್ತಾದ. ಶ್ವಾಸಕೋಶವನ್ನ ಸ್ಪಂಜಿನ ಹಾಗೆ ಹಿಂಡಿ ಟಾರು ಸುರಿಸೋದು ಇನ್ನೊಂದು, ಅದರ ಮೂಲ ಐಡಿಯಾ ಆಸ್ಟ್ರೇಲಿಯಾದ್ದು, 1979ರದ್ದು.

ಮುಕೇಶನ ದನಿ ಮಿಮಿಕ್ರಿ ಮಾಡಿ ನಾವೆಲ್ಲ ನಕ್ಕಿದೀವಿ, ಮೀಮ್ ಕಳ್ಸಿದೀವಿ. ಒಂದ್ಸಲ ಲೆಕ್ಕ ಹಾಕಿ: ಅವನಿಗೆ 24. ನಮ್ಮ ಡಿಗ್ರಿ ಮುಗಿದು ಮೂರು ವರ್ಷದ ಮೇಲೆ ಬರೋ ವಯಸ್ಸು.

ಚಿತ್ರ ದೊಡ್ಡದಾದಾಗ ಕಂಪನಿಗಳಿಗೆ ಬಿಸಿ ಮುಟ್ಟಿತು. 2016ರ ಏಪ್ರಿಲ್ 1ರಿಂದ ಪ್ಯಾಕಿನ ಎರಡೂ ಬದಿಯ 85% ಜಾಗ ಎಚ್ಚರಿಕೆಗೆ ಅಂತ ಆಯ್ತು. ದೊಡ್ಡ ಕಂಪನಿಗಳು ಸ್ವಲ್ಪ ದಿನ ಫ್ಯಾಕ್ಟರಿನೇ ಮುಚ್ಚಿದ್ವು. ದೇಶದ ಬೇರೆ ಬೇರೆ ಕೋರ್ಟಲ್ಲಿದ್ದ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. 2017ರ ಡಿಸೆಂಬರ್ 15ಕ್ಕೆ ಹೈಕೋರ್ಟ್ 85%ರ ನಿಯಮವನ್ನ ರದ್ದು ಮಾಡ್ತು. ಒಂದು ತಿಂಗಳೂ ಆಗಿರಲಿಲ್ಲ, 2018ರ ಜನವರಿ 8ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು. ಚಿತ್ರ ದೊಡ್ಡದಾಗೇ ಉಳೀತು. ಒಂದು ಚಿತ್ರದ ಅಳತೆಗೆ ಇಷ್ಟು ಹೋರಾಟ ಅಂದ್ರೆ, ಚಿತ್ರ ಕೆಲಸ ಮಾಡುತ್ತೆ ಅಂತ ಕಂಪನಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಭಾಗ 7

ಆ 85% ಚಿತ್ರ ನಮ್ಮೂರಲ್ಲಿ ಯಾರು ನೋಡ್ತಾರೆ? ಅಂಗಡಿಯವರು ನೋಡ್ತಾರೆ. ದಿನಾ ನೋಡ್ತಾರೆ ಪಾಪ. ‘ಒಂದು ಕೊಡಿ’ ಅನ್ನೋರು ನೋಡಲ್ಲ.

ಬಿಡಿ ಮಾರಾಟದ ಮರ್ಮ ಇಷ್ಟೇ. ಇಡೀ ಪ್ಯಾಕಿಗೆ ಕಾಲೇಜು ಹುಡುಗನ ಜೇಬಲ್ಲಿ ದುಡ್ಡು ಇರಲ್ಲ, ಒಂದಕ್ಕೆ ಇರುತ್ತೆ. ಪ್ಯಾಕ್ ಮನೆಗೆ ತಗೊಂಡು ಹೋದ್ರೆ ಅಮ್ಮನ ಕೈಗೆ ಸಿಗುತ್ತೆ, ಒಂದು ಅಲ್ಲೇ ಬೂದಿಯಾಗುತ್ತೆ. ಸರ್ಕಾರ ತೆರಿಗೆ ಏರಿಸಿದ್ರೂ ಒಂದರ ಮೇಲೆ ಒಂದೋ ಎರಡೋ ರೂಪಾಯಿ, ನೋವಾಗಲ್ಲ. ಬೆಲೆ, ಚಿತ್ರ, ಮನೆಯವರ ಕಣ್ಣು, ಈ ಮೂರು ಬೇಲಿಯನ್ನೂ ಬಿಡಿ ಸಿಗರೇಟು ಒಂದೇ ನೆಗೆತಕ್ಕೆ ದಾಟುತ್ತೆ.

ಕರ್ನಾಟಕ ಸರ್ಕಾರಕ್ಕೆ ಇದು ಗೊತ್ತಿತ್ತು. 2017ರಲ್ಲೇ ಬಿಡಿ ಮಾರಾಟ ನಿಲ್ಲಿಸಿ ಅಂತ ಆದೇಶ ಬಂತು. 2024ರಲ್ಲಿ ವಿಧಾನಮಂಡಲ ಕೋಟ್ಪಾಗೆ ನಮ್ಮ ರಾಜ್ಯದ್ದೇ ತಿದ್ದುಪಡಿ ಪಾಸು ಮಾಡ್ತು, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಅಂಕಿತ ಬಿದ್ದು ಜಾರಿಗೆ ಬಂತು. ಈಗ ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮಾರೋ ಹಾಗಿಲ್ಲ (ಮುಂಚೆ 18 ಇತ್ತು), ಬಿಡಿಯಾಗಿ ಮಾರೋ ಹಾಗಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದ್ರೆ ದಂಡ 200 ಅಲ್ಲ, 1000 ರೂಪಾಯಿವರೆಗೆ. ಹುಕ್ಕಾ ಬಾರ್ ನಡೆಸಿದ್ರೆ ಜೈಲು. ಅಂದ್ರೆ ಇದನ್ನ ಓದ್ತಿರೋ ನಿಮ್ಮಲ್ಲಿ ಸುಮಾರು ಜನಕ್ಕೆ ಸಿಗರೇಟು ಮಾರೋದೇ ಕಾನೂನು ಪ್ರಕಾರ ತಪ್ಪು.

ಲೈಟರ್ ಇನ್ನೂ ನೇತಾಡ್ತಿದೆ. ಅಂಗಡಿಯವರ ಮೇಲೆ ಪೂರ್ತಿ ತಪ್ಪು ಹಾಕೋಕೆ ನನಗೆ ಮನಸ್ಸಿಲ್ಲ. ದಿನದ ವ್ಯಾಪಾರದಲ್ಲಿ ಟೀ, ಬಿಸ್ಕತ್ತು, ಎಲೆಅಡಿಕೆ, ಸಿಗರೇಟು ಬಿಟ್ರೆ ಆ ಪೆಟ್ಟಿಗೆಯಲ್ಲಿ ಇನ್ನೇನಿದೆ?

ಸಿನಿಮಾ ಕಡೆಯೂ ಒಂದು ಕಣ್ಣು ಇಡಿ. 2021ರ ಜನವರಿಯಲ್ಲಿ ಕೆಜಿಎಫ್ 2 ಟೀಸರ್ ಬಂದಾಗ ಕಾದು ಕೆಂಪಾದ ಗನ್ ಬ್ಯಾರೆಲ್‌ನಲ್ಲಿ ಯಶ್ ಸಿಗರೇಟು ಹಚ್ಕೊಳ್ಳೋ ಶಾಟ್ ನೋಡಿ ನಾವೆಲ್ಲ ಶಿಳ್ಳೆ ಹೊಡೆದ್ವಿ. ರಾಜ್ಯದ ತಂಬಾಕು ನಿಯಂತ್ರಣ ಘಟಕ ಮಾತ್ರ ಅದೇ ಶಾಟಿಗೆ ನೋಟಿಸ್ ಕಳಿಸಿತು. ಅವತ್ತು ‘ಇವರಿಗೆ ಬೇರೆ ಕೆಲಸ ಇಲ್ವಾ’ ಅಂತ ಕಾಮೆಂಟ್ ಹಾಕಿದವರು ನಮ್ಮಲ್ಲೇ ಇದೀವಿ. ವಿಲ್ಸ್ ವಿಶ್ವಕಪ್ಪಿಗೆ ಆಗ ಯಾರಾದ್ರೂ ಒಂದು ನೋಟಿಸ್ ಕಳ್ಸಿದ್ರೆ ಚೆನ್ನಾಗಿತ್ತು ಅಂತ ಈಗ ಅನ್ಸುತ್ತೆ. 2023ರ ಸೆಪ್ಟೆಂಬರ್‌ನಿಂದ ಓಟಿಟಿಯವರೂ ಎಚ್ಚರಿಕೆ ತೋರಿಸ್ಬೇಕು.

ಇಷ್ಟೆಲ್ಲ ಮಾಡಿ ಏನಾದ್ರೂ ಆಯ್ತಾ? ಆಯ್ತು. 2009-10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ 28.2% ಜನ ಯಾವುದಾದ್ರೂ ರೂಪದಲ್ಲಿ ತಂಬಾಕು ಬಳಸ್ತಿದ್ರು. 2016-17ರಲ್ಲಿ 22.8%. ಅದರಲ್ಲಿ ಸೇದೋರು 8.8%, ಹೊಗೆಯಿಲ್ಲದ ತಂಬಾಕು, ಅಂದ್ರೆ ಹೊಗೆಸೊಪ್ಪು, ಗುಟ್ಕಾ, ಖೈನಿ ಬಳಸೋರು 16.3%. ಗುಟ್ಕಾ 2013ರ ಮೇ ಕೊನೆಗೇ ರಾಜ್ಯದಲ್ಲಿ ಬ್ಯಾನ್ ಆಗಿತ್ತು ಅನ್ನೋದು ನೆನಪಿರಲಿ. ಜಾಹೀರಾತುಗಳಲ್ಲಿ ಎದ್ದು ಕಾಣೋದು ಸಿಗರೇಟು, ನಮ್ಮ ಅಜ್ಜಿಯರ ಸಂಚಿಯ ಹತ್ರ ಯಾರೂ ಬಂದಿಲ್ಲ.

ಭಾಗ 8

ಪ್ಯಾಕಿನ ಮೇಲಿರೋ ಆ ನಂಬರ್ 1800-11-2356. 2018ರ ಸೆಪ್ಟೆಂಬರ್ 1ರಿಂದ ಕಪ್ಪು ಪಟ್ಟಿ ಮೇಲೆ ಬಿಳಿ ಅಕ್ಷರದಲ್ಲಿ ಅಚ್ಚಾಗ್ತಿದೆ. ಬಿಡಿ ತಗೊಳ್ಳೋರಿಗೆ ಅದು ಕಾಣಲ್ಲ, ಹಾಗಾಗಿ ಇಲ್ಲಿ ಬರ್ದಿದೀನಿ. ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಫೋನ್ ಫ್ರೀ. ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಕೇಂದ್ರ ಇದೆ, ಕನ್ನಡದಲ್ಲಿ ಮಾತಾಡ್ತಾರೆ. ಬೈಯಲ್ಲ, ಅಪ್ಪನಿಗೆ ಹೇಳಲ್ಲ.

ದಿನಕ್ಕೆ ಎಷ್ಟು, ಎದ್ದ ಎಷ್ಟು ಹೊತ್ತಿಗೆ ಮೊದಲನೇದು ಅಂತ ಕೇಳ್ತಾರೆ. ಎದ್ದ ಅರ್ಧ ಗಂಟೆಯೊಳಗೆ ಬೇಕು ಅನ್ಸಿದ್ರೆ ಚಟ ಗಟ್ಟಿಯಾಗಿದೆ ಅಂತ ಲೆಕ್ಕ. ಬಿಡೋಕೆ ಒಂದು ತಾರೀಕು ಗೊತ್ತು ಮಾಡಿಸ್ತಾರೆ. ನೀವು ಒಪ್ಪಿದ್ರೆ ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸ್ತಾರೆ. ಮೊದಲ ಮೂರು-ನಾಲ್ಕು ದಿನ ಕಷ್ಟ: ಸಿಟ್ಟು, ನಿದ್ದೆ ಇಲ್ಲ, ತಲೆನೋವು. ಆದ್ರೆ ಒಂದೊಂದು ಸಲ ಬರೋ ಆಸೆ ಕೆಲವೇ ನಿಮಿಷದ್ದು, ನೀರು ಕುಡಿದು ಒಂದು ಸುತ್ತು ನಡೆದು ಬರೋಷ್ಟರಲ್ಲಿ ಇಳಿಯುತ್ತೆ. ಬಿಟ್ಟ 12 ಗಂಟೆಯಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಮಾಮೂಲಿ ಮಟ್ಟಕ್ಕೆ ಬರುತ್ತೆ. ಒಂದು ವರ್ಷ ಆದ್ರೆ ಹೃದಯದ ಕಾಯಿಲೆಯ ಅಪಾಯ ಸೇದೋರಿಗೆ ಹೋಲಿಸಿದ್ರೆ ಅರ್ಧ. ಇದು ಬೀಡಿಗೂ ಸೇರಿಸಿ ಹೇಳಿದ್ದು, ಮನೆಯಲ್ಲಿ ದೊಡ್ಡಪ್ಪಂದಿರು ಇದ್ರೆ ಹಾಗಂತ ಓದಿ ಹೇಳಿ. ಹೊಗೆಸೊಪ್ಪು ಬಿಡಬೇಕು ಅನ್ನೋ ಅಜ್ಜಿಗೂ ಇದೇ ನಂಬರ್.

ಕೊನೇದಾಗಿ ಒಂದು ಕೆಲಸ ಇದೆ. ನಿಮ್ಮನೆ ಅಟ್ಟದಲ್ಲೋ ಹಳೇ ಟ್ರಂಕಲ್ಲೋ ಬೀಡಿ ಕಟ್ಟಿನ ಲೇಬಲ್, ಬೀಡಿ ಕಂಪನಿ ಕ್ಯಾಲೆಂಡರ್ ಸಿಕ್ರೆ ಫೋಟೋ ತೆಗೆದು ಡಿಎಂ ಮಾಡಿ. 2009ಕ್ಕಿಂತ ಹಿಂದಿನದ್ದಾದ್ರೆ ಇನ್ನೂ ಒಳ್ಳೇದು, ಚಿತ್ರ ಬರೋಕೆ ಮುಂಚೆ ಅದರ ಮೇಲೆ ಏನಿತ್ತು ಅಂತ ಎಲ್ಲರಿಗೂ ತೋರಿಸ್ಬೇಕು. ಕಳಿಸಿದವರ ಹೆಸರು ಬೇಡ ಅಂದ್ರೆ ಹಾಕಲ್ಲ.

#ಆಲ್ದೂರು #ಚಿಕ್ಕಮಗಳೂರು #ನಮ್ಮೂರಇತಿಹಾಸ #ಬೀಡಿಬಿಡಿಬಿಡಿ